ಸೂರತ್ತಿನ ತಟ್ಟೆಯಲ್ಲಿ ತಿಪಟೂರು ಕೊಬ್ಬರಿ

ತಿಪಟೂರು

ಗುಜರಾತ್ ಪರದೇಶವಲ್ಲ ಎಂದು ಭೂಗೋಳ ಓದಿದವರು ಹೇಳಬಹುದು. ನನ್ನ ಮಟ್ಟಿಗೆ ಅದು ಪರದೇಶವೇ. ಬೇಳೆಗೆ ಬೆಲ್ಲ ಸುರಿಯುವ, ಊಟದ ಕೊನೆಗೆ ಮೊಸರನ್ನ ಕೇಳದ, ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಕರಿದದ್ದನ್ನು ತಿನ್ನುವ ನಾಡು ನನಗೆ ಸ್ವದೇಶ ಹೇಗಾದೀತು? ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಅಲ್ಲಿಗೆ ಹೋದದ್ದು ಊರು ನೋಡಲಿಕ್ಕೂ ಅಲ್ಲ. ನಿಜ ಹೇಳಬೇಕೆಂದರೆ ಜಗಳಕ್ಕೆಂದೇ ಹೋದೆ. ನನ್ನ ತಂಗಿ ವನಜಾಳ ಗಂಡ ಪ್ರಕಾಶನನ್ನು ಬ್ಯಾಂಕಿನವರು ಸೂರತ್ತಿಗೆ ವರ್ಗ ಮಾಡಿ ಮೂರು ದೀಪಾವಳಿ ಕಳೆದಿದ್ದವು. ಉಧ್ನಾ ಕಡೆ ಒಂದು ಕಟ್ಟಡದಲ್ಲಿ ಬಾಡಿಗೆ ಮನೆ. ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಭಾನುವಾರ ಬೆಳಗ್ಗೆ ಅವಳು ಫೋನ್ ಮಾಡುವುದು, ನಾನು ಕಾಫಿ ಲೋಟ ಹಿಡಿದುಕೊಂಡು ಕೇಳುವುದು ರೂಢಿ. ಆ ಭಾನುವಾರ ಫೋನಿನಲ್ಲಿ ಅಳು ಕೇಳಿಸಿತು.

"ಅಕ್ಕಾ, ಈ ಸಲಾನೂ ನನ್ ತಟ್ಟೆ ಹಾಗೇ ವಾಪಸ್ ಬಂದ್ರೆ ನಾನು ಇವರಿಗೆ ಟ್ರಾನ್ಸ್‌ಫರ್ ಕೇಳಿ ಅಂತ ಹೇಳ್ಬಿಡ್ತೀನಿ. ನನ್ ಕೈಲಿ ಆಗಲ್ಲ ಕಣೇ."

ತಟ್ಟೆಯ ಕತೆ ಹೀಗೆ. ನಮಗೆ ಬಲಿಪಾಡ್ಯಮಿಯಾದ ದಿನ ಅವರಿಗೆ ಹೊಸ ವರ್ಷ. ಅವತ್ತು ಬೆಳಗ್ಗೆ ಕಟ್ಟಡದವರೆಲ್ಲ ಕೆಳಗಿನ ಅಂಗಳದಲ್ಲಿ ಸೇರುತ್ತಾರೆ. ಪ್ರತಿ ಮನೆಯಿಂದ ಹೆಂಗಸರು ತಮ್ಮ ಕೈಯಾರೆ ಮಾಡಿದ ತಿಂಡಿಯನ್ನು ತಟ್ಟೆಯಲ್ಲಿ ತರಬೇಕು. ವನಜಾ ಮೊದಲ ವರ್ಷ ಕೋಡುಬಳೆ ಒಯ್ದಳು. ಎರಡನೇ ವರ್ಷ ಕೊಬ್ಬರಿ ಮಿಠಾಯಿ, ಮೂರನೇ ವರ್ಷ ಮೈಸೂರುಪಾಕು. ಮೂರು ಸಲವೂ ತಟ್ಟೆ ತುಂಬಿಕೊಂಡು ಹೋಯಿತು, ತುಂಬಿಕೊಂಡೇ ಬಂತು. ಒಬ್ಬರೂ ಕೈಹಾಕಲಿಲ್ಲ. ಮಗಳು ಮೇಘನಾಗೆ ಆಗ ಹದಿಮೂರು. ಆ ವಯಸ್ಸಿಗೆ ಅವಮಾನ ಬೇಗ ನಾಟುತ್ತದೆ. "ಮಮ್ಮೀ, ನೆಕ್ಸ್ಟ್ ಇಯರ್ ದುಕಾನಿಂದ ತರೋಣ. ನಿನ್ನ ತಟ್ಟೆ ಹತ್ರ ನಾನು ನಿಲ್ಲಲ್ಲ" ಎಂದುಬಿಟ್ಟಳಂತೆ.

ನಮ್ಮ ವನಜಾಳ ಕೈರುಚಿ ಎಂಥದ್ದೆಂದು ತಿಪಟೂರಿನಲ್ಲಿ ಯಾರನ್ನಾದರೂ ಕೇಳಿ. ಅದರಲ್ಲೂ ನಮ್ಮೂರ ಕೊಬ್ಬರಿಯಲ್ಲಿ ಮಾಡಿದ ಮಿಠಾಯಿಯನ್ನು ಮೂಸಿಯೂ ನೋಡದವರು ಅದೆಂಥ ಮನುಷ್ಯರು? "ಅಳ್ಬೇಡ, ನಾನೇ ಬರ್ತೀನಿ. ಅದ್ಯಾವ ಬಾಯಿ ತಿನ್ನಲ್ವೋ ನೋಡ್ತೀನಿ" ಎಂದೆ.

"ಬಾಯಿಗಳಿಗೆ ಈಗ ಚಾಕೊಲೇಟೇ ಬೇಕಂತೆ" ಎಂದಳು ವನಜಾ. ಎರಡು ವರ್ಷದಿಂದ ಅಲ್ಲಿ ಮನೆಮನೆಯಲ್ಲೂ ದೀಪಾವಳಿಗೆ ಚಾಕೊಲೇಟು ಮಾಡುವ ಹುಚ್ಚು ಹತ್ತಿತ್ತು. ಅದನ್ನು ಕಲಿಸುವ ಕ್ಲಾಸುಗಳೂ ಇದ್ದವು. ನನ್ನ ಮೈದುನನ ಮಗ ಮಂಜು ಅಹಮದಾಬಾದಿನಲ್ಲಿ ಓದುತ್ತಿದ್ದ. ಅವನ ಮನೆ ಓನರಮ್ಮನೇ ಅಂಥ ಕ್ಲಾಸು ನಡೆಸುತ್ತಾರೆ ಎಂದು ಗೊತ್ತಾಯಿತು. ಸರಿ, ಶತ್ರುವಿನ ವಿದ್ಯೆಯನ್ನೇ ಕಲಿತು ಗೆಲ್ಲೋಣ ಎಂದುಕೊಂಡೆ. ಚೆನ್ನಾಗಿ ಒಣಗಿದ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವ ಕೊಬ್ಬರಿ ಗಿಟುಕುಗಳನ್ನು ನಾನೇ ಆರಿಸಿ ಚೀಲ ತುಂಬಿದೆ. ನಮ್ಮ ಯಜಮಾನರು, "ತಂಗಿ ಮನೆಗೆ ಹೋಗ್ತಿದೀಯೋ, ಮಂಡಿಗೆ ಮಾಲು ಹಾಕೋಕೋ?" ಎಂದು ಕೇಳಿದರು. ನಾನು ಚೀಲದ ಬಾಯಿ ಬಿಗಿದು ಕಟ್ಟಿದೆ. ಯುದ್ಧಕ್ಕೆ ಹೊರಟವರು ತಮಾಷೆಗೆಲ್ಲ ಉತ್ತರ ಕೊಡುವುದಿಲ್ಲ.

ಅಹಮದಾಬಾದ್

ಅಹಮದಾಬಾದಿಗೆ ಹೋಗುವ ರೈಲು ಸೂರತ್ತಿನ ಮೇಲೆಯೇ ಹೋಗುತ್ತದೆ. ವನಜಾ ಅಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ನನ್ನ ಬೋಗಿಗೇ ಹತ್ತಿಕೊಂಡಳು. ಇಬ್ಬರೂ ಊರು ಮುಟ್ಟುವವರೆಗೆ ಮಾತಾಡಿದೆವು. ಅವಳು ಬಡವಾಗಿದ್ದಳು. ಅದಕ್ಕೂ ನಾನು ಗುಜರಾತಿಗಳನ್ನೇ ಬೈದೆ.

ಸ್ಟೇಷನ್ನಿಗೆ ಬಂದಿದ್ದ ಮಂಜುವಿನ ಜೊತೆ ಆಟೋ ಹತ್ತಿದೆವು. ಅಕ್ಕಪಕ್ಕದ ಸ್ಕೂಟರುಗಳಲ್ಲಿ ಹೆಣ್ಣುಮಕ್ಕಳು ಕಣ್ಣು ಮಾತ್ರ ಬಿಟ್ಟು ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು, ಮೊಣಕೈವರೆಗೆ ಕೈಗವಸು ಹಾಕಿಕೊಂಡು ಗುಂಪುಗುಂಪಾಗಿ ನುಗ್ಗುತ್ತಿದ್ದರು. ಡಕಾಯಿತರ ದಂಡು ಎಂದೇ ತಿಳಿದೆ. "ಬಿಸಿಲಿಗೆ, ದೊಡ್ಡಮ್ಮ. ಮುಖ ಕಪ್ಪಾಗ್ಬಾರ್ದಲ್ಲ" ಎಂದು ಮಂಜು ನಕ್ಕ. ನಮ್ಮೂರ ಹುಡುಗಿಯರು ಸೈಕಲ್ಲಿನಲ್ಲಿ ಬಿಸಿಲುಂಡುಕೊಂಡೇ ಕಾಲೇಜಿಗೆ ಹೋಗುವುದು ನೆನಪಾಯಿತು. ಆದರೆ ಒಂದು ಮಾತು ಒಪ್ಪಬೇಕು. ಕತ್ತಲಾದ ಮೇಲೂ ಹೆಂಗಸರು ಹೀಗೆ ಒಬ್ಬೊಬ್ಬರೇ ಸ್ಕೂಟರಿನಲ್ಲಿ ಧೈರ್ಯವಾಗಿ ಓಡಾಡುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಮಂಜುವಿನ ಓನರಮ್ಮ ಇಲಾಬೆನ್ ದಪ್ಪಗೆ, ಬೆಳ್ಳಗೆ, ಗಟ್ಟಿ ಗಂಟಲಿನ ಹೆಂಗಸು. ಮಂಜು ಮತ್ತು ಅವನ ಗೆಳೆಯರು ನಮಗೆ ಒಂದು ಕೋಣೆ ಬಿಟ್ಟುಕೊಟ್ಟರು. ಆ ಕೋಣೆಯ ಸ್ಥಿತಿ ಬರೆದರೆ ಅವನ ಮದುವೆ ಕೆಡುತ್ತದೆ, ಬೇಡ. ಕ್ಲಾಸು ಕೆಳಗೆ ಇಲಾಬೆನ್ನರ ಅಡಿಗೆಮನೆಯಲ್ಲಿ. ಸುತ್ತಲಿನ ಹೆಂಗಸರೆಲ್ಲ ಒಂದೊಂದು ಸ್ಟೀಲ್ ಡಬ್ಬಿಯೊಂದಿಗೆ ಬಂದು ಕೂತಿದ್ದರು. ಕಲಿಯುವುದು ಆಮೇಲೆ, ಮಾಡಿದ್ದರಲ್ಲಿ ಪಾಲು ಒಯ್ಯಲು ಡಬ್ಬಿ ಮೊದಲು! ಈ ಬುದ್ಧಿ ನನಗೆ ಬಹಳ ಹಿಡಿಸಿತು.

ವಿದ್ಯೆ ದೊಡ್ಡದೇನಲ್ಲ. ಚಾಕೊಲೇಟಿನ ಗಟ್ಟಿಯನ್ನು ಚೂರು ಮಾಡಬೇಕು. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಒಣ ಪಾತ್ರೆ ಇಟ್ಟು ಅದರಲ್ಲಿ ಕರಗಿಸಬೇಕು. ಬೊಂಬೆ ಅಚ್ಚಿಗೆ ಸುರಿದರೆ ಹೂವು, ಹೃದಯ, ಮೀನು, ಎಲ್ಲ ಆಕಾರವೂ ಬರುತ್ತದೆ. ಇಲಾಬೆನ್ ಶುರುವಿನಿಂದ ಕೂಗುತ್ತಿದ್ದದ್ದು ಒಂದೇ ಮಾತು. "ಪಾನಿ ನಹೀ! ಏಕ್ ಟೀಪು ಪಾನಿ ನಹೀ!" ಒಂದು ಹನಿ ನೀರೂ ಬೀಳಬಾರದು.

ನಾನು ಕೇಳಿಸಿಕೊಂಡೆ. ಆದರೆ ಕೈ ಕೇಳಿಸಿಕೊಳ್ಳಬೇಕಲ್ಲ? ಮೂವತ್ತು ವರ್ಷ ಬೆಲ್ಲದ ಪಾಕ ತೆಗೆದ ಕೈ ಅದು. ಒಲೆಯ ಮೇಲೆ ಏನಾದರೂ ಕಂದು ಬಣ್ಣದ್ದು ಕರಗಿ ಹೊಳೆಯುತ್ತಿದ್ದರೆ ಪಕ್ಕದಲ್ಲಿ ಬಟ್ಟಲು ನೀರಿರಬೇಕು. ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಪಾಕ ಬಂತೋ ಇಲ್ಲವೋ ನೋಡಬೇಕು. ಇದು ನಮಗೆ ಉಸಿರಾಟವಿದ್ದ ಹಾಗೆ. ಬಟ್ಟಲಲ್ಲಿ ಬೆರಳದ್ದಿದೆ, ಅದೇ ಒದ್ದೆ ಬೆರಳಿನಿಂದ ಸೌಟು ಒರೆಸಿದೆ, ಸೌಟನ್ನು ಪಾತ್ರೆಗೆ ಬಿಟ್ಟೆ. ನೋಡನೋಡುತ್ತಿದ್ದಂತೆ ರೇಷ್ಮೆಯಂತಿದ್ದ ಚಾಕೊಲೇಟು ಹರಳುಹರಳಾಗಿ ಮುದ್ದೆ ಕಟ್ಟಿಕೊಂಡಿತು. ಗಟ್ಟಿಯಾಯಿತಲ್ಲ ಎಂದು ಗಾಬರಿಯಲ್ಲಿ ಇನ್ನಷ್ಟು ಬಿಸಿನೀರು ಹಾಕಿದೆ. ಇಡೀ ಪಾತ್ರೆ ಕೆಟ್ಟುಹೋಯಿತು.

ವನಜಾ ನೆಲ ನೋಡುತ್ತಿದ್ದಳು. ನಾನು ಬೈಗುಳಕ್ಕೆ ತಯಾರಾಗಿ ಸೆರಗು ಸಿಕ್ಕಿಸಿದೆ. ಇಲಾಬೆನ್ ಪಾತ್ರೆಗೆ ಬಗ್ಗಿ ನೋಡಿದರು, ನನ್ನ ಮುಖ ನೋಡಿದರು, ಗಹಗಹಿಸಿ ನಕ್ಕು ಆ ಮುದ್ದೆಗೆ ಹಾಲು ಸುರಿದು ಕುದಿಸಿಬಿಟ್ಟರು. ಎಲ್ಲರೂ ಲೋಟ ಹಿಡಿದು ಚಾಕೊಲೇಟು ಹಾಲು ಕುಡಿದರು. ಒಬ್ಬಾಕೆ ಇನ್ನೊಂದು ಲೋಟ ಕೇಳಿದಳು. ಏನನ್ನೂ ಚೆಲ್ಲದ ಈ ಜನ ಮನುಷ್ಯರ ತಪ್ಪನ್ನೂ ಚೆಲ್ಲುವುದಿಲ್ಲವಲ್ಲ ಎಂದು ಒಂದು ಗಳಿಗೆ ಮೆತ್ತಗಾದೆ. ಆದರೆ ಸೂರತ್ತಿನವರ ಮೇಲಿನ ಸಿಟ್ಟು ಬೇರೆ, ಅದನ್ನು ಹಾಗೇ ಇಟ್ಟುಕೊಂಡೆ.

ಕೊನೆಯಲ್ಲಿ ಅವರು ಅಚ್ಚು ಬೇಡದ ಒಂದು ಬಗೆ ತೋರಿಸಿದರು. ಬೆಣ್ಣೆ ಕಾಗದದ ಮೇಲೆ ಚಾಕೊಲೇಟನ್ನು ತೆಳ್ಳಗೆ ಹರಡಿ, ಮೇಲೆ ಬಾದಾಮಿ, ಪಿಸ್ತಾ ಉದುರಿಸಿ, ಗಟ್ಟಿಯಾದ ಮೇಲೆ ಕೈಯಲ್ಲಿ ಮುರಿಯುವುದು. ಬಾರ್ಕ್ ಅಂತ ಹೆಸರು, ಮರದ ತೊಗಟೆಯ ಹಾಗೆ ಏಳುವುದರಿಂದ. ಅದನ್ನು ಕಂಡದ್ದೇ ನನ್ನ ತಲೆ ಓಡಿತು. ಹೂವು ಮೀನು ಎಲ್ಲರ ಮನೆಯಲ್ಲೂ ಇರುತ್ತದೆ. ಪಿಸ್ತಾದ ಜಾಗದಲ್ಲಿ ನಮ್ಮ ಕೊಬ್ಬರಿ, ಹುರಿದ ಎಳ್ಳು, ಕಡಲೆಬೀಜ ಉದುರಿಸಿದರೆ? ಸಂಕ್ರಾಂತಿಯ ಎಳ್ಳನ್ನೇ ಚಾಕೊಲೇಟಿನ ಮೇಲೆ ಬೀರಿದ ಹಾಗೆ!

"ಅಕ್ಕಾ, ಇದು ನಮ್ದೇ ಆಗುತ್ತೆ ಕಣೇ" ಎಂದಳು ವನಜಾ. ಬಂದಾಗಿನಿಂದ ಅವಳ ಮುಖದಲ್ಲಿ ಕಂಡ ಮೊದಲ ನಗು ಅದು.

ವಡೋದರಾ

ವಡೋದರಾದಲ್ಲಿ ಇಳಿಯುವ ಯೋಚನೆ ನಮಗಿರಲೇ ಇಲ್ಲ. ಚಾಕೊಲೇಟು ಇಳಿಸಿತು.

ಅಹಮದಾಬಾದಿನಲ್ಲಿ ದೊಡ್ಡ ದೊಡ್ಡ ಚಾಕೊಲೇಟ್ ಗಟ್ಟಿಗಳನ್ನು ಕೊಂಡು ಚೀಲದಲ್ಲಿಟ್ಟು ಹಗಲು ರೈಲು ಹತ್ತಿದ್ದೆವು. ದೀಪಾವಳಿ ಹತ್ತಿರ ಬಂದರೂ ಅಲ್ಲಿ ಮಧ್ಯಾಹ್ನದ ಬಿಸಿಲು ನಮ್ಮ ಏಪ್ರಿಲಿನಂತೆ. ನಾವೋ ಜಾಣೆಯರು, ಕಿಟಕಿ ಪಕ್ಕ ಗಾಳಿ ಬರುತ್ತದೆಂದು ಚೀಲವನ್ನು ಅಲ್ಲಿಯೇ ಇಟ್ಟಿದ್ದೆವು. ಎದುರು ಕೂತಿದ್ದ ಹೆಂಗಸು ಅಷ್ಟು ಹೊತ್ತೂ ನಮ್ಮ ಬಾಯಿ ನೋಡುತ್ತ, ಒಂದು ಡಬ್ಬಿ ಮುಗಿದ ಮೇಲೆ ಇನ್ನೊಂದು ತೆಗೆದು ಮೆಂತ್ಯಸೊಪ್ಪಿನ ತೇಪ್ಲಾ ರೊಟ್ಟಿ, ಚಟ್ನಿ, ಹುರಿದ ಮೆಣಸಿನಕಾಯಿ ಹಂಚುತ್ತಿದ್ದಳು. ಹೆಸರು ಹಂಸಾಬೆನ್. ಚೀಲದಲ್ಲೇನಿದೆ ಎಂದು ಕೇಳಿ, ಒಳಗೆ ಕೈಹಾಕಿ ಒತ್ತಿ ನೋಡಿ, "ಅರೇ ರಾಮ್" ಎಂದು ಕೂಗಿಕೊಂಡಳು. ಚಾಕೊಲೇಟು ಬೆಣ್ಣೆಯಂತೆ ಮೆತ್ತಗಾಗಿತ್ತು. ಸೂರತ್ ಮುಟ್ಟುವಷ್ಟರಲ್ಲಿ ಅದು ಗೊಜ್ಜಾಗುವುದು ಖಂಡಿತ.

ಮುಂದೆ ನಮ್ಮ ಮಾತು ನಡೆಯಲಿಲ್ಲ. ವಡೋದರಾ ಬಂದ ಕೂಡಲೇ ಆಕೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಇಳಿಸಿಬಿಟ್ಟಳು. "ಟಿಕೆಟ್ಟು, ಟಿಕೆಟ್ಟು" ಎಂದು ನಾನು ಬಡಿದುಕೊಂಡೆ. "ಸಂಜೆಗೆ ಬೇಕಾದಷ್ಟು ಗಾಡಿ ಇವೆ, ಮನೆ ಇಲ್ಲೇ ಹತ್ತಿರ" ಎಂದಳು ಹಿಂದಿಯಲ್ಲಿ. ಗುರುತಿಲ್ಲದವರನ್ನು ಹೀಗೆ ಎಳೆದುಕೊಂಡು ಹೋಗುವವರನ್ನು ನಮ್ಮಲ್ಲಿ ಮಕ್ಕಳ ಕಳ್ಳರು ಅನ್ನುತ್ತಾರೆ.

ಮನೆಗೆ ಹೋದದ್ದೇ ಆಕೆಯ ಗಂಡ ಒಂದು ಪ್ರಶ್ನೆಯನ್ನೂ ಕೇಳದೆ ಫ್ರಿಜ್ಜಿನಿಂದ ಶ್ರೀಖಂಡ, ಹಾಲು, ತರಕಾರಿ ಎಲ್ಲ ತೆಗೆದು ನೆಲಕ್ಕಿಟ್ಟು ನಮ್ಮ ಚಾಕೊಲೇಟಿಗೆ ಜಾಗ ಮಾಡಿದ. ತಮ್ಮ ಹಬ್ಬದ ಹಾಲು ಹೊರಗೆ, ದಾರಿಹೋಕರ ಚಾಕೊಲೇಟು ಒಳಗೆ! ನಡುಮನೆಯಲ್ಲಿ ದೊಡ್ಡ ಹಿತ್ತಾಳೆ ಸರಪಳಿಯ ಉಯ್ಯಾಲೆ. ಅಲ್ಲಿ ಎಲ್ಲರ ಮನೆಯಲ್ಲೂ ಅದಿರುತ್ತದೆ. ನಮ್ಮ ಕಡೆ ಉಯ್ಯಾಲೆ ಮಕ್ಕಳಿಗೆ ಮತ್ತು ದೇವರಿಗೆ. ಇಲ್ಲಿ ಗಡ್ಡ ನೆರೆತ ಯಜಮಾನರೂ ಉಯ್ಯಾಲೆಯ ಮೇಲೆ ತೂಗಿಕೊಂಡು ಪೇಪರ್ ಓದುತ್ತಾರೆ. ನಾನೂ ಊಟವಾದ ಮೇಲೆ ಕೂತು ತೂಗಿಕೊಂಡೆ. ಬಹಳ ಸುಖವಾಗಿತ್ತು, ಸುಳ್ಳೇಕೆ ಹೇಳಲಿ.

ಹೊರಡುವಾಗ ಒಂದು ಕೆಲಸವಾಯಿತು. ಹಂಸಾಬೆನ್ ತಟ್ಟೆಯಿಂದ ಪೇಡಾ ತೆಗೆದಳು. ನಾನು ಅಂಗೈ ಚಾಚಿದೆ. ಆಕೆ ನನ್ನ ಅಂಗೈಯನ್ನು ತಳ್ಳಿ ಪೇಡಾವನ್ನು ನೇರವಾಗಿ ನನ್ನ ಬಾಯಿಗೇ ತುರುಕಿದಳು. ಬೆರಳು ತುಟಿಗೆ ತಾಗಿತು, ಹಲ್ಲಿಗೂ ತಾಗಿತು. ಅದೇ ಬೆರಳಿನಿಂದ ಇನ್ನೊಂದು ಪೇಡಾ ಎತ್ತಿ ವನಜಾಳ ಬಾಯಿಯ ಹತ್ತಿರ ತಂದಳು. ಶಿವನೇ! ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಿರಿ ಎಂದು ಕಿವಿ ಹಿಂಡಿ ಬೆಳೆಸಿದ ತಾಯಿಯ ಮಕ್ಕಳು ನಾವು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೂ ಒಬ್ಬರೆಂಜಲು ಒಬ್ಬರು ತಿಂದವರಲ್ಲ. ವನಜಾ ಸರಕ್ಕನೆ ಮುಖ ತಿರುಗಿಸಿ, "ಹಾಥ್ ಮೇಂ, ಹಾಥ್ ಮೇಂ" ಎಂದು ಎರಡೂ ಕೈ ಒಡ್ಡಿದಳು. ಹಂಸಾಬೆನ್ನಳ ಮುಖ ಒಂದು ಕ್ಷಣ ಇಳಿಯಿತು. ಆಮೇಲೆ ಏನೂ ಆಗದವಳಂತೆ ಪೇಡಾವನ್ನು ಅವಳ ಅಂಗೈಗೆ ಹಾಕಿದಳು.

ರೈಲಿನಲ್ಲಿ ನಾನು ನೀರಿನ ಬಾಟಲಿ ತೆಗೆದು ಬಾಯಿ ಮುಕ್ಕಳಿಸಿಕೊಂಡೆ. "ಒಳ್ಳೇ ಜನ ಕಣೇ, ಆದ್ರೆ ಈ ಎಂಜಲೊಂದು" ಎಂದೆ. ವನಜಾ "ಹೂಂ" ಎಂದಳು. ಚಾಕೊಲೇಟು ಮತ್ತೆ ಕಲ್ಲಿನಂತೆ ಗಟ್ಟಿಯಾಗಿತ್ತು.

ಸೂರತ್

ಉಧ್ನಾದಲ್ಲಿ ಇಳಿದಾಗ ಮೊದಲು ಕಿವಿಗೆ ಬಿದ್ದದ್ದು ಮಗ್ಗದ ಸದ್ದು. ಗಲ್ಲಿಗಲ್ಲಿಯಲ್ಲೂ ಟಕಟಕ. ಪಾಂಡೇಸರಾ ಕಡೆಯಿಂದ ಗಾಳಿ ಬೀಸಿದರೆ ಬಣ್ಣದ ಕಾರ್ಖಾನೆಯ ವಾಸನೆ. ಸೀರೆಯ ಗಂಟುಗಳ ಮೇಲೆ ಆಳು ಕೂತ ಟೆಂಪೋಗಳು. ಬೆಂಗಳೂರಿನ ಅಂಗಡಿಯಲ್ಲಿ ನಾನು ಚೌಕಾಸಿ ಮಾಡಿದ ಸೀರೆಗಳೆಲ್ಲ ಇಲ್ಲಿಂದಲೇ ಹೊರಟವು ಎಂದು ತಿಳಿದು ಅವುಗಳ ತವರಿಗೆ ಬಂದ ಹಾಗೆನಿಸಿತು.

ಮೇಘನಾ ಬಾಗಿಲಲ್ಲೇ ಕಾಲಿಗೆ ಬಿದ್ದಳು. "ದೊಡ್ಡಮ್ಮ, ನೀನು ಹೇಗೆ ಇದಾಳೆ?" ಎಂದಳು. ಅಪ್ಪನ ವರ್ಗಗಳ ಹಿಂದೆ ಊರೂರು ಸುತ್ತಿ ಬೆಳೆದವಳು, ಕನ್ನಡ ಅವಳ ಬಾಯಲ್ಲಿ ಕುಂಟುತ್ತಿತ್ತು. ಗುಜರಾತಿ ಮಾತ್ರ ನೀರು ಹರಿದಂತೆ. ಚೀಲ ನೋಡಿ, "ಚಾಕೊಲೇಟು ಬರೋಬರ್. ಆದ್ರೆ ಟೇಬಲ್ ಹತ್ರ ನಾನು ಬರಲ್ಲ" ಎಂದು ಮೊದಲೇ ಷರತ್ತು ಹಾಕಿದಳು. ವನಜಾ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಹೊಸ ವರ್ಷದ ಹಿಂದಿನ ದಿನ ಮಗ್ಗಗಳು ಒಂದೊಂದಾಗಿ ನಿಂತವು. ಊರೇ ಸದ್ದಡಗಿತು. ಅವತ್ತು ಬೆಳಗ್ಗೆ ಬಾರ್ಕ್‌ಗೆ ಕೂತೆವು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಕಾಗದದಷ್ಟು ತೆಳ್ಳಗೆ ಹೆಚ್ಚಿ, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹೊಂಬಣ್ಣಕ್ಕೆ ಹುರಿದೆ. ಇಡೀ ಕಟ್ಟಡಕ್ಕೆ ಪರಿಮಳ ಹೋಗಿರಬೇಕು. ಎಳ್ಳು ಚಟಪಟ ಎಂದಿತು. ಕಡಲೆಬೀಜವನ್ನು ಹುರಿದು, ಸಿಪ್ಪೆ ಊದಿ, ಎರಡು ಹೋಳು ಮಾಡಿದೆವು. ಏಲಕ್ಕಿಯನ್ನು ಚಾಕೊಲೇಟಿಗೇ ಬೆರೆಸಿದೆವು. ಈ ಸಲ ನೀರಿನ ಬಟ್ಟಲನ್ನು ಅಡಿಗೆಮನೆಯಿಂದಲೇ ಗಡೀಪಾರು ಮಾಡಿದ್ದೆ. ವನಜಾ ಚಾಕೊಲೇಟು ಹರಡುವುದನ್ನು ನೋಡಬೇಕಿತ್ತು. ದೋಸೆ ಹುಯ್ಯುವ ಕೈ ಅದು, ಒಂದೇ ಸುತ್ತಿಗೆ ಕಾಗದದ ತುಂಬ ಸಮವಾಗಿ ಹರಡಿಬಿಟ್ಟಳು.

ಗಟ್ಟಿಯಾದ ಮೇಲೆ ತೆಗೆದು ನೋಡಿದರೆ ಕಪ್ಪು ನೆಲದ ಮೇಲೆ ಹೊಂಬಣ್ಣದ ಕೊಬ್ಬರಿ, ಎಳ್ಳು. ಮುರಿದರೆ ಟಕ್ ಎಂದಿತು. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಅಬ್ಬಬ್ಬಾ! ಮೊದಲು ಚಾಕೊಲೇಟಿನ ಕಹಿ, ಆಮೇಲೆ ಏಲಕ್ಕಿ, ಕೊನೆಗೆ ಅಗಿದಷ್ಟೂ ನಮ್ಮೂರ ಕೊಬ್ಬರಿಯ ಸಿಹಿ. ನನ್ನ ತಂಗಿ ಎಂದು ಹೇಳುತ್ತಿಲ್ಲ, ಅಂಥದ್ದನ್ನು ನಾನು ತಿಂದಿರಲಿಲ್ಲ. ಹೆಮ್ಮೆಯಿಂದ ಎದೆ ಇಷ್ಟಗಲವಾಯಿತು.

ಆಗ ಎದುರು ಮನೆಯ ಜ್ಯೋತ್ಸ್ನಾಬೆನ್ ಹಬ್ಬದ ಮಠಿಯಾ ಹಪ್ಪಳ ಕೊಡಲು ಬಂದಳು. ವನಜಾ ಒಂದು ಚೂರನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಮೇಜಿನ ಮೇಲಿಟ್ಟಳು. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಜ್ಯೋತ್ಸ್ನಾಬೆನ್ ತಟ್ಟೆ ನೋಡಿದಳು, ವನಜಾಳನ್ನು ನೋಡಿದಳು, ಮುಟ್ಟಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ಕೇಳೇ ಮೇಘನಾ, ಯಾಕೆ ತಿನ್ನಲ್ಲ ಅಂತ ಕೇಳು. ಮೂರು ವರ್ಷದಿಂದ ನಮ್ ತಟ್ಟೇಲಿ ಏನು ವಿಷ ಇತ್ತಂತೆ?"

"ದೊಡ್ಡಮ್ಮ, ಹಾಗೆ ಕೇಳಬಾರದು."

"ಕೇಳು ಅಂದ್ನಲ್ಲ!"

ಮೇಘನಾ ಅಳುಮುಖ ಮಾಡಿಕೊಂಡು ಕೇಳಿದಳು. ಜ್ಯೋತ್ಸ್ನಾಬೆನ್ ಗಾಬರಿಯಾಗಿ ಗಲ್ಲ ಗಲ್ಲ ಬಡಿದುಕೊಂಡು ಒಂದೇ ಸಮನೆ ಮಾತಾಡಿದಳು. ಮೇಘನಾ ತನ್ನ ಕುಂಟು ಕನ್ನಡದಲ್ಲಿ ಒಂದೊಂದೇ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಸಣ್ಣದಾಯಿತು.

ಕಟ್ಟಡಕ್ಕೆಲ್ಲ ಹಿರಿಯಳು ಶಾಂತಾಬಾ ಎಂಬ ಮುದುಕಿ. ಮೊದಲ ವರ್ಷ ವನಜಾ ಕೆಳಗೆ ಹೋದಾಗ ಶಾಂತಾಬಾ ಎಲ್ಲರ ಮುಂದೆ ಅವಳ ಬಾಯಿಗೆ ಸಿಹಿ ತಿನ್ನಿಸಲು ಕೈ ಎತ್ತಿದ್ದಳು. ಕಟ್ಟಡಕ್ಕೆ ಹೊಸ ಸೊಸೆ ಬಂದರೂ, ಹೊಸ ಬಾಡಿಗೆಯವರು ಬಂದರೂ ಅದು ಅವಳ ಪದ್ಧತಿ. ವನಜಾ ಮುಖ ತಿರುಗಿಸಿ ಅಂಗೈ ಒಡ್ಡಿದಳು. ಶಾಂತಾಬಾ ಬೇಜಾರು ಮಾಡಿಕೊಳ್ಳಲಿಲ್ಲ. ದಕ್ಷಿಣದವರದ್ದು ಕಟ್ಟುನಿಟ್ಟಿನ ಮಡಿ ಇರಬೇಕು, ಅವಳ ನೇಮಕ್ಕೆ ಭಂಗ ತರಬೇಡಿ ಎಂದು ಎಲ್ಲರಿಗೂ ಹೇಳಿದಳಂತೆ. ಆಮೇಲೆ ಎಲ್ಲ ಹೆಂಗಸರೂ ತಟ್ಟೆ ಹಿಡಿದು ಒಬ್ಬೊಬ್ಬರ ಬಾಯಿಗೂ ತಿನ್ನಿಸುತ್ತ ತಿರುಗಿದರೆ, ವನಜಾ ತಟ್ಟೆಯನ್ನು ಮೂಲೆಯಲ್ಲಿಟ್ಟು, ನೊಣ ಕೂರಬಾರದೆಂದು ಮುಚ್ಚಳ ಮುಚ್ಚಿ, ದೂರ ನಿಂತಿದ್ದಳು. ಅದು ದೇವರ ನೈವೇದ್ಯವಿರಬೇಕು, ನಾವು ಮುಟ್ಟಿದರೆ ಮೈಲಿಗೆಯಾದೀತು ಎಂದು ಮೂರು ವರ್ಷವೂ ಅವರು ಗೌರವದಿಂದ ದೂರವಿದ್ದರು!

"ಅಯ್ಯೋ, ಮಡಿ ನಾವು ಮಾಡೋರೇ ಅಲ್ವಲ್ಲೇ!" ಎಂದೆ ನಾನು. ಕೂತುಬಿಟ್ಟೆ. ಜಗಳಕ್ಕೆಂದು ತಿಪಟೂರಿನಿಂದ ಹೊತ್ತು ತಂದ ಮಾತುಗಳೆಲ್ಲ ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ವನಜಾ ಗೋಡೆಗೆ ಒರಗಿ ನಿಂತಿದ್ದಳು. "ನಾನು ಅವರಿಗೆ ಬೇಡ ಅಂದ್ಕೊಂಡಿದ್ನಲ್ಲ ಅಕ್ಕಾ" ಎಂದಳು.

"ಈಗ ಗೊತ್ತಾಯ್ತಲ್ಲ. ನಾಳೆ ತಟ್ಟೆ ಕೈಯಲ್ಲಿ ಹಿಡ್ಕೊಂಡು ಹೋಗು. ಮುರಿ, ಬಾಯಿಗೆ ಇಡು."

"ಅವರ ಬಾಯಿಗೆ ನನ್ ಬೆರಳು? ಅಷ್ಟು ಜನದ್ದು? ಅವರು ತಿರುಗಿ ನನಗೆ ಕೊಟ್ರೆ? ಇಲ್ಲಕ್ಕಾ, ಅಮ್ಮ ಕಲಿಸಿದ್ದು ಮೈಗೇ ಅಂಟ್ಕೊಂಡಿದೆ. ವಡೋದರಾದಲ್ಲಿ ನೋಡಿದ್ಯಲ್ಲ, ನಾನಾಗಿ ಮುಖ ತಿರುಗಿಸಲ್ಲ, ತಾನಾಗೇ ತಿರುಗುತ್ತೆ."

ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಪೇಡಾ ತಿಂದು ಬಾಯಿ ಮುಕ್ಕಳಿಸಿದವಳು ನಾನೇ ತಾನೆ?

ಸೂರತ್: ಹೊಸ ವರ್ಷದ ಬೆಳಗ್ಗೆ

ಬೆಳಕು ಹರಿಯುವ ಮೊದಲೇ ಬೀದಿಯಲ್ಲಿ ಉಪ್ಪು ಮಾರುವವರ ಕೂಗು. ವರ್ಷದ ಮೊದಲ ಖರೀದಿ ಉಪ್ಪಾದರೆ ಶುಭವಂತೆ. ಬೇವು ಬೆಲ್ಲದ ನಾವು, ಉಪ್ಪಿನ ಅವರು. ಎಲ್ಲ ಬಾಗಿಲಲ್ಲೂ ಬಣ್ಣದ ರಂಗೋಲಿ. ಪ್ರಕಾಶ ಹೊಸ ಷರಟು ಹಾಕಿಕೊಂಡು ಹೆಂಡತಿಯ ಮುಖ ನೋಡುತ್ತಿದ್ದ. "ಬೇಡ ಅನ್ಸಿದ್ರೆ ಹೋಗೋದೇ ಬೇಡ ಬಿಡು. ನಾನು ಟ್ರಾನ್ಸ್‌ಫರ್‌ಗೆ ಬರೀತೀನಿ" ಎಂದ. ವನಜಾ ಬಾರ್ಕ್‌ನ ಉಳಿದ ಹಲಗೆಯನ್ನು ಮುರಿಯದೆ ದೊಡ್ಡ ತಟ್ಟೆಗೆ ಇಳಿಸಿದಳು. ಮುಚ್ಚಳ ಹಾಕಲಿಲ್ಲ.

ಅಂಗಳದಲ್ಲಿ "ಸಾಲ್ ಮುಬಾರಕ್, ಸಾಲ್ ಮುಬಾರಕ್" ಎಂಬ ಗದ್ದಲ. ಹಿರಿಯರ ಕಾಲಿಗೆ ಬೀಳುವವರು, ತಬ್ಬಿಕೊಳ್ಳುವವರು, ಬಾಯಿಗೆ ತುರುಕುವವರು. ಮೇಘನಾ ಹೇಳಿದಂತೆಯೇ ದೂರ, ತನ್ನ ಗೆಳತಿಯರ ನಡುವೆ ನಿಂತಿದ್ದಳು. ಆದರೆ ಕಣ್ಣು ಮಾತ್ರ ಇತ್ತಲೇ ಇತ್ತು. ಶಾಂತಾಬಾ ಕುರ್ಚಿಯಲ್ಲಿ ಕೂತಿದ್ದಳು. ಬಿಳಿ ಸೀರೆ, ಹಲ್ಲಿಲ್ಲದ ಬಾಯಿ, ಚೂಪು ಕಣ್ಣು.

ವನಜಾ ತಾನು ವರ್ಷವೂ ತಟ್ಟೆಯಿಡುತ್ತಿದ್ದ ಮೂಲೆಯ ಮೇಜನ್ನು ದಾಟಿ ನೇರ ಅವಳ ಮುಂದೆ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ. ಹಲಗೆಯ ಮೂಲೆ ಹಿಡಿದು ಮುರಿದಳು. ಟಕ್ ಎಂದ ಸದ್ದಿಗೆ ಸುತ್ತಲಿನ ನಾಲ್ಕು ಜನ ತಿರುಗಿದರು. ಚೂರನ್ನು ಎತ್ತಿದಳು. ಕೈ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ನಾನು ಹಲ್ಲು ಕಚ್ಚಿಕೊಂಡೆ. ಹೋಗೇ, ಹೋಗೇ ನನ್ನವ್ವ!

ಕೈ ಮುಂದೆ ಹೋಯಿತು. ಶಾಂತಾಬಾ ಏನೂ ಕೇಳದೆ ಬಾಯಿ ತೆರೆದಳು. ವನಜಾಳ ಬೆರಳು ಮುದುಕಿಯ ತುಟಿಗೆ ತಾಗಿತು. ಶಾಂತಾಬಾ ವಸಡಿನಲ್ಲೇ ಒತ್ತಿ ಅರ್ಧ ಮುರಿದುಕೊಂಡು, ಉಳಿದರ್ಧವನ್ನು ತೆಗೆದು ಕೈಯಲ್ಲಿ ಹಿಡಿದಳು. ನಿಧಾನವಾಗಿ ಚೀಪಿದಳು. ಕೊಬ್ಬರಿ ಸಿಕ್ಕಿರಬೇಕು, ಕಣ್ಣು ಅರಳಿತು. ಆಮೇಲೆ ಆ ಉಳಿದರ್ಧವನ್ನು, ತನ್ನ ಬಾಯಿಂದ ತೆಗೆದ ಅದನ್ನೇ, ವನಜಾಳ ಬಾಯಿಯ ಹತ್ತಿರ ತಂದಳು. ತಂದವಳು ತಟ್ಟನೆ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ವನಜಾ ಬಗ್ಗಿ ಆ ಕೈಯನ್ನು ಹಿಡಿದಳು. ತಾನೇ ಬಾಯಿಯ ಹತ್ತಿರ ತಂದುಕೊಂಡಳು. ಕಣ್ಣು ಮುಚ್ಚಿ ತಿಂದಳು. ನಮ್ಮಮ್ಮನ ಮಗಳು!

ಶಾಂತಾಬಾ ಅವಳ ಎರಡೂ ಕೆನ್ನೆ ಹಿಡಿದು ಏನೋ ಜೋರಾಗಿ ಕೂಗಿ ಹೇಳಿದಳು. ಅಷ್ಟೇ, ಹೆಂಗಸರೆಲ್ಲ ಮುತ್ತಿಕೊಂಡರು. ಒಬ್ಬೊಬ್ಬರೂ ಬಾಯಿ ತೆರೆದು ನಿಂತರು. ವನಜಾ ಮುರಿಯುವಳು, ಇಡುವಳು, ಅವರು ಅವಳ ಬಾಯಿಗೆ ತಮ್ಮದನ್ನು ತುರುಕುವರು. ಅವಳ ಕಣ್ಣಲ್ಲಿ ನೀರು, ಬಾಯಿ ತುಂಬ ಸಿಹಿ, ಮಾತಾಡಲು ಜಾಗವಿಲ್ಲ. ಜ್ಯೋತ್ಸ್ನಾಬೆನ್ ಇದೇನು ಇದೇನು ಎಂದು ಕೊಬ್ಬರಿಯನ್ನು ತೋರಿಸಿ ಕೇಳಿದಳು. "ತಿಪಟೂರು! ತಿಪಟೂರು!" ಎಂದು ನಾನು ಕೂಗಿದೆ. ಅಂಥ ಹೆಮ್ಮೆ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅಷ್ಟರಲ್ಲಿ ಯಾರೋ ಗುಂಪನ್ನು ಸೀಳಿಕೊಂಡು ಬಂದರು. ನೋಡಿದರೆ ಮೇಘನಾ. ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡಳು. ವನಜಾ ಗಾಬರಿಯಾಗಿ ನೋಡಿದಳು. ಹುಡುಗಿ ತಟ್ಟೆಯನ್ನು ತಲೆಯೆತ್ತರಕ್ಕೆ ಹಿಡಿದು, ಗೆಳತಿಯರ ಮುಂದೆ, ಅವರ ಅಪ್ಪಂದಿರ ಮುಂದೆ, ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಕೂಗುತ್ತ ಹೊರಟಳು.

"ಮಾರೀ ಮಮ್ಮೀಏ ಬನಾವ್ಯುಂ ಛೇ! ಮಾರೀ ಮಮ್ಮೀಏ!"

ನಮ್ಮಮ್ಮ ಮಾಡಿದ್ದು ಎಂಬ ಆ ಮಾತನ್ನು ನನಗೆ ಯಾರೂ ಕನ್ನಡ ಮಾಡಿ ಹೇಳಬೇಕಾ‌ಗಲಿಲ್ಲ.